ಹೊರಾಕ್ಸ್ ಬಂದ್ನಾ?

ಓಲ್ಡಮ್
9 ಅಕ್ಟೋಬರ್ 1988

ಶ್ರೀ ಸಿರಿಲ್ ಹೊರಾಕ್ಸ್ ಅವರಿಗೆ,

ನಾನು ವಾಲ್ಟರ್ ಹೆಪ್‌ವರ್ತ್ ಅವರ ಮಗಳು ಡೋರೀನ್. ನೀವು ನನ್ನನ್ನು ಮರೆತಿರಬಹುದು, ನಾನು ನಿಮ್ಮನ್ನು ಮರೆತಿಲ್ಲ. ನನಗೆ ಒಂಬತ್ತು ವರ್ಷವಿದ್ದಾಗ, ಪಕ್ಕದೂರಿನ ಈಜುಕೊಳದ ಮೇಲೆ ಹಲಗೆ ಹಾಸಿ ನಡೆಸುತ್ತಿದ್ದ ಚಳಿಗಾಲದ ಕುಸ್ತಿಯಲ್ಲಿ ನೀವು ನನ್ನಪ್ಪನ ಎಡಭುಜ ಮುರಿದಿರಿ. ಅದೂ ರೆಫರಿ ಬೆನ್ನು ತಿರುಗಿಸಿದ್ದಾಗ. ನಾನು ಕಾಲಿನ ಶೂ ಕಿತ್ತು ನಿಮ್ಮ ಮೇಲೆ ಎಸೆದೆ. ತಗುಲಿತೋ ಇಲ್ಲವೋ ಗೊತ್ತಿಲ್ಲ, ವಾಪಸಂತೂ ಬರಲಿಲ್ಲ. ಒಂದೇ ಶೂ ಹಾಕಿಕೊಂಡು ಅಮ್ಮನ ಜೊತೆ ಬಸ್ಸಿನಲ್ಲಿ ಮನೆಗೆ ಹೋದೆ. ‘ಕಟುಕ ಹೊರಾಕ್ಸ್’ ಎಂಬ ಹೆಸರನ್ನು ಪೋಸ್ಟರಿನಲ್ಲಿ ಕಂಡಾಗಲೆಲ್ಲ ನಾಲಿಗೆ ಚಾಚಿ ಹೋಗುವುದು ಆಮೇಲೆ ನನಗೆ ಅಭ್ಯಾಸವೇ ಆಯಿತು.

ಗತಿಯಿಲ್ಲದೆ ಈಗ ನಿಮಗೇ ಬರೆಯುತ್ತಿದ್ದೇನೆ. ಅಪ್ಪ ವಸಂತ ಕಾಲದಿಂದ ಇಲ್ಲಿನ ವೃದ್ಧಾಶ್ರಮದಲ್ಲಿದ್ದಾರೆ. ನೆನಪು ಕೈಕೊಟ್ಟಿದೆ. ನನ್ನ ಗುರುತು ಹತ್ತುವುದಿಲ್ಲ, ‘ಕೆಂಪು ಕೋಟಿನ ಸಿಸ್ಟರ್’ ಎನ್ನುತ್ತಾರೆ. ಅಮ್ಮ ತೀರಿಕೊಂಡದ್ದೂ ನೆನಪಿಲ್ಲ. ಮರೆಯದೆ ಉಳಿದಿರುವುದು ನಿಮ್ಮ ಹೆಸರೊಂದೇ. ಪ್ರತಿ ಶನಿವಾರ ಸಂಜೆ ಚಹಾದ ಹೊತ್ತಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಬಾಗಿಲನ್ನೇ ನೋಡುತ್ತಾ ಕೇಳುತ್ತಾರೆ: “ಹೊರಾಕ್ಸ್ ಬಂದ್ನಾ?” ಇಲ್ಲ ಎಂದರೆ ಇನ್ನಷ್ಟು ಚಡಪಡಿಸುತ್ತಾರೆ. ಊಟ ಸೇರುವುದಿಲ್ಲ. ಮೇಟ್ರನ್ ಪ್ರಕಾರ ಅದು ಹಳೆಯ ಭಯ. ನನಗೂ ಹಾಗೇ ಅನ್ನಿಸುತ್ತದೆ.

ನೀವು ಮೋರ್ಕಮ್‌ನಲ್ಲಿ ಪ್ರವಾಸಿಗರಿಗೆ ವಸತಿಮನೆ ನಡೆಸುತ್ತಿದ್ದೀರಿ ಎಂದು ಹಳೆಯ ರೆಫರಿಯೊಬ್ಬರು ವಿಳಾಸ ಕೊಟ್ಟರು. ನನಗೆ ಬೇಕಾಗಿರುವುದು ಎರಡೇ ಸಾಲು: ನಾನು ಮುದುಕನಾಗಿದ್ದೇನೆ, ಕುಸ್ತಿ ಬಿಟ್ಟಿದ್ದೇನೆ, ಇನ್ನು ಬರುವುದಿಲ್ಲ, ಅಂತ. ಓದಿ ಹೇಳಿದರೆ ಅಪ್ಪನಿಗೆ ನೆಮ್ಮದಿಯಾದೀತು. ಇಷ್ಟನ್ನಾದರೂ ಮಾಡಿ.

ಡೋರೀನ್ ಹೆಪ್‌ವರ್ತ್

*

ಮೋರ್ಕಮ್
14 ಅಕ್ಟೋಬರ್ 1988

ಮಿಸ್ ಹೆಪ್‌ವರ್ತ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಇದರ ಜೊತೆಗಿರುವ ಚೀಟಿಯನ್ನು ನಿಮ್ಮ ತಂದೆಗೆ ಓದಿ ಹೇಳಿ. ಒಂದಕ್ಷರವೂ ಬದಲಾಗಬಾರದು.

“ಲೇ ಹೆಪ್‌ವರ್ತ್! ಇನ್ನೂ ಬದುಕಿದ್ದೀಯೇನೋ? ನಾಲ್ಕು ಹೊತ್ತೂ ಕುರ್ಚೀಲಿ ಕೂತು ಕಸ್ಟರ್ಡ್ ಕುಡೀತಿದ್ದೀಯಂತೆ, ಕೇಳಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ಎಡಭುಜ ನೋಡ್ಕೊಂಡಿದ್ದೀನಿ, ಬಲಭುಜ ಇನ್ನೂ ಬಾಕಿ ಇದೆ. ಬಾಗಿಲು ಹಾಕ್ಕೊಂಡು ಕೂತ್ಕೋ, ಆದ್ರೂ ಬಂದೇ ಬರ್ತೀನಿ. ಇಂತಿ ಕಟುಕ.”

ಸಿ. ಹೊರಾಕ್ಸ್

*

ಓಲ್ಡಮ್
23 ಅಕ್ಟೋಬರ್ 1988

ಹೊರಾಕ್ಸ್ ಅವರೇ,

ನಾಚಿಕೆಯಾಗಬೇಕು ನಿಮಗೆ. ಕೈಲಾಗದ ಮುದುಕನನ್ನು ಹೆದರಿಸಬೇಡಿ ಎಂದು ಬೇಡಿಕೊಂಡರೆ, ನೀವು ಬೆದರಿಕೆಯನ್ನು ಅಂಚೆಯಲ್ಲಿ ಕಳಿಸಿದಿರಿ. ನಾಯಿ ಬಾಲ ಯಾವತ್ತಿದ್ದರೂ ಡೊಂಕೇ. ಬರೆದದ್ದನ್ನು ಒಲೆಗೆ ಹಾಕಬೇಕೆಂದಿದ್ದೆ. ನೀವು ಎಂಥವರೆಂದು ತೋರಿಸೋಣ ಅಂತ ಮೊದಲು ಮೇಟ್ರನ್ ಟ್ಯಾಟರ್ಸಲ್ ಅವರಿಗೆ ಓದಿ ಹೇಳುತ್ತಿದ್ದೆ. ಅಪ್ಪ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾರೆ ಎಂದುಕೊಂಡಿದ್ದೆ.

ಬಲಭುಜ ಬಾಕಿ ಎನ್ನುವಲ್ಲಿಗೆ ಬಂದಾಗ ನಗು ಕೇಳಿಸಿತು. ಅಪ್ಪ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. “ಅವನೇ! ಅವನೇ ಕಣಮ್ಮಾ ಅದು! ಇನ್ನೊಂದ್ಸಲ ಓದು ಸಿಸ್ಟರ್” ಎಂದರು. ಇನ್ನೊಂದು ಸಲ ಓದಿದೆ. ಆಮೇಲೆ ತಟ್ಟೆಯಲ್ಲಿದ್ದ ಆಲೂಗಡ್ಡೆ, ಕೈಮಾ ಪೂರ್ತಿ ತಿಂದು ಪಕ್ಕದವರ ಪುಡ್ಡಿಂಗಿನ ಮೇಲೂ ಕಣ್ಣು ಹಾಕಿದರು. ಅವರು ನಕ್ಕದ್ದನ್ನು ನೋಡಿ ವರ್ಷವೇ ಆಗಿತ್ತು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಂದೆ.

ನನಗೆ ಇದು ಅರ್ಥವಾಗುತ್ತಿಲ್ಲ. ಕೆಲವರನ್ನು ಪ್ರೀತಿ ಬದುಕಿಸುತ್ತದೆ, ಕೆಲವರನ್ನು ಹಗೆ ಬದುಕಿಸುತ್ತದೆ ಎಂದು ಮೇಟ್ರನ್ ಹೇಳುತ್ತಾರೆ. ಇರಬಹುದು. ಹಾಗಾದರೆ ಇನ್ನೊಂದು ಚೀಟಿ ಬರೆದು ಕಳಿಸಿ. ನನ್ನಿಂದ ಧನ್ಯವಾದ ಮಾತ್ರ ನಿರೀಕ್ಷಿಸಬೇಡಿ.

ಡೋರೀನ್ ಹೆಪ್‌ವರ್ತ್

*

ಮೋರ್ಕಮ್
27 ಅಕ್ಟೋಬರ್ 1988

ಮಿಸ್ ಹೆಪ್‌ವರ್ತ್ ಅವರಿಗೆ,

ಚೀಟಿ ಇಟ್ಟಿದ್ದೇನೆ. ಮುಂದಿನ ವಾರದಿಂದ ಪ್ರತಿ ಗುರುವಾರ ಅಂಚೆಗೆ ಹಾಕುತ್ತೇನೆ, ಶನಿವಾರಕ್ಕೆ ಕೈಸೇರುತ್ತದೆ.

“ಹೆಪ್‌ವರ್ತ್, ನಿನ್ನ ಕಿವಿ ಹೂಕೋಸಿನ ಹಾಗೆ ಊದಿಸಿದ್ದು ಯಾರು? ನಾನು. ಬ್ಲ್ಯಾಕ್‌ಬರ್ನ್‌ನಲ್ಲಿ ನಿನ್ನ ಚಡ್ಡಿ ಲಾಡಿ ಕಿತ್ತು ಊರೆಲ್ಲ ನಗೋ ಹಾಗೆ ಮಾಡಿದ್ದು ಯಾರು? ನಾನೇ. ಇದೆಲ್ಲಾ ಮರೆತೆ ಅಂದ್ಯೋ, ಬಂದು ಮತ್ತೆ ನೆನಪು ಮಾಡಿಕೊಡ್ತೀನಿ!”

ನಿಮ್ಮ ಶೂ ಬಗ್ಗೆ ಒಂದು ಮಾತು. ತಗುಲಿತು. ಎಡ ಹುಬ್ಬಿನ ಮೇಲೆ. ಕಂದು ಬಣ್ಣದ್ದು, ಬಕಲ್ ಇತ್ತು. ಗುರಿ ಚೆನ್ನಾಗಿತ್ತು.

ಸಿ. ಹೊರಾಕ್ಸ್

*

ಓಲ್ಡಮ್
20 ನವೆಂಬರ್ 1988

ಹೊರಾಕ್ಸ್ ಅವರೇ,

ತಗುಲಿತು ಎಂದು ತಿಳಿದು ಬಹಳ ಸಂತೋಷವಾಯಿತು.

ನಿಮ್ಮ ಚೀಟಿಗಳನ್ನು ಅಪ್ಪ ಅಂಗಿಯ ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಈಗ ಓದುವುದಕ್ಕೆ ಆಗುವುದಿಲ್ಲ, ಬಂದವರ ಕೈಗೆಲ್ಲ ಕೊಟ್ಟು ಓದಿಸುತ್ತಾರೆ. ಆಶ್ರಮದಲ್ಲಿ ಬಟರ್‌ವರ್ತ್ ಅಜ್ಜಿ ಅಂತ ಒಬ್ಬರಿದ್ದಾರೆ, ಎಂಬತ್ತು ದಾಟಿದೆ, ಕೈಯಲ್ಲಿ ಊರುಗೋಲು. ಆಕೆ ಕೇಳಿಸಿಕೊಂಡು, “ಈ ಹೊರಾಕ್ಸ್‌ಗೆ ರಾಚ್‌ಡೇಲ್‌ನಲ್ಲಿ ನಾನು ಟೋಪಿಗೆ ಸಿಕ್ಕಿಸೋ ಉದ್ದನೆ ಪಿನ್ನಿಂದ ಚುಚ್ಚಿದ್ದೆ ಕಣ್ರೇ, ಸರಿಯಾದ ಜಾಗಕ್ಕೆ!” ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಬರೆಯಬೇಕಾದದ್ದು ಬೇರೆಯೇ ಇದೆ. ಅಪ್ಪನಿಗೆ ಒಂದು ಕೆಟ್ಟ ಚಾಳಿ ಬಂದಿದೆ. ಸ್ನಾನಕ್ಕೋ ಹಾಸಿಗೆಗೋ ಅವರನ್ನು ಎತ್ತಲು ಯಾರಾದರೂ ತೋಳು ಹಾಕಿದರೆ ಮಣಿಕಟ್ಟು ಹಿಡಿದುಬಿಡುತ್ತಾರೆ. ಹಿಡಿದು ಅದುಮುತ್ತಾರೆ, ಬಿಡುವುದಿಲ್ಲ. ಮುಖವನ್ನೇ ನೋಡುತ್ತಾ ಮತ್ತೆ ಅದುಮುತ್ತಾರೆ. ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಕಳೆದ ವಾರ ಒಬ್ಬ ಸಹಾಯಕಿಯ ಕೈ ಕಪ್ಪುಗಟ್ಟಿತು, ಪಾಪ, ಅವಳು ಅತ್ತಳು. ಇದು ನಿಲ್ಲದಿದ್ದರೆ ಹೊಸ ವರ್ಷದ ಹೊತ್ತಿಗೆ ಅಪ್ಪನನ್ನು ದೂರದ ದೊಡ್ಡಾಸ್ಪತ್ರೆಯ ಬೀಗ ಹಾಕುವ ವಾರ್ಡಿಗೆ ಕಳಿಸುತ್ತಾರಂತೆ. ನಾನು ಆ ವಾರ್ಡನ್ನು ನೋಡಿ ಬಂದೆ. ಅಲ್ಲಿ ಯಾರೂ ಯಾರಿಗೂ ಚೀಟಿ ಓದಿ ಹೇಳುವುದಿಲ್ಲ.

ನನ್ನಪ್ಪ ಯಾವತ್ತೂ ಕೈಮಾಡಿದವರಲ್ಲ. ರಿಂಗಿನಲ್ಲೂ ಅವರೇ ಸಭ್ಯರು. ಅವರನ್ನು ತೀರಾ ಹತ್ತಿರದಿಂದ ಬಲ್ಲವರೆಂದರೆ ನೀವು, ಅಷ್ಟು ವರ್ಷ ಅವರ ಕುತ್ತಿಗೆಗೆ ಜೋತುಬಿದ್ದಿದ್ದಿರಿ. ಇದೇನೆಂದು ನಿಮಗೆ ಗೊತ್ತಿದೆಯೇ? ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಡೋರೀನ್

*

ಓಲ್ಡಮ್
18 ಡಿಸೆಂಬರ್ 1988

ಹೊರಾಕ್ಸ್ ಅವರೇ,

ನಾಲ್ಕು ವಾರವಾಯಿತು. ನಿಮ್ಮಿಂದ ಉತ್ತರವಿಲ್ಲ, ಚೀಟಿಯೂ ಇಲ್ಲ. ನಿನ್ನೆ ಟೀವಿಯಲ್ಲಿ ಕೊನೆಯ ಕುಸ್ತಿ ತೋರಿಸಿದರು, ಇನ್ನು ಮುಂದೆ ಇಲ್ಲವಂತೆ. ಆಶ್ರಮದ ಹಾಲಿನಲ್ಲಿ ಎಲ್ಲರೂ ಕೂತು ನೋಡಿದರು. ಅಪ್ಪ ಮಾತ್ರ ಟೀವಿಯತ್ತ ತಿರುಗಲಿಲ್ಲ, ಬಾಗಿಲ ಕಡೆಗೇ ನೋಡುತ್ತಿದ್ದರು. “ಹೊರಾಕ್ಸ್ ಬಂದ್ನಾ?” ಎಂದು ಕೇಳಿದರು. ಏನೆಂದು ಹೇಳಲಿ?

ಅವರನ್ನು ಸಾಗಿಸಲು ಜನವರಿ ಒಂಬತ್ತನೆಯ ತಾರೀಖು ಗೊತ್ತಾಗಿದೆ. ಕಟುಕನಿಂದ ಕರುಣೆ ನಿರೀಕ್ಷಿಸಿದ್ದು ನನ್ನದೇ ದಡ್ಡತನ. ಇನ್ನು ಬರೆಯುವುದಿಲ್ಲ.

ಡೋರೀನ್ ಹೆಪ್‌ವರ್ತ್

*

ಮೋರ್ಕಮ್
21 ಡಿಸೆಂಬರ್ 1988

ಡೋರೀನ್,

ಈ ಪತ್ರವನ್ನು ತಿಂಗಳಿಂದ ಬರೆಯುತ್ತಿದ್ದೇನೆ. ಬರೆಯುತ್ತೇನೆ, ಬೆಂಕಿಗೆ ಹಾಕುತ್ತೇನೆ. ನಿನ್ನ ಕೊನೆಯ ಪತ್ರ ನನ್ನ ಹೆಂಡತಿ ಐವಿಯ ಕೈಗೆ ಸಿಕ್ಕಿತು. “ವಾಲ್ಟರ್ ಮಗಳು ಕಣ್ರೀ ಅವಳು! ಯಾರ ಹತ್ರ ಗುಟ್ಟು ಮಾಡ್ತಿದ್ದೀರಿ? ಕುಸ್ತಿ ಟೀವಿಯಿಂದಾನೇ ಎದ್ದು ಹೋಯ್ತು. ಆ ಮನುಷ್ಯನ್ನ ಬೀಗದೊಳಗೆ ಹಾಕಿದ್ಮೇಲೆ ನಿಮ್ಮ ಗುಟ್ಟಿಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ?” ಎಂದು ಬೆಳಗಿನ ತಿಂಡಿಯನ್ನೇ ಕೊಡಲಿಲ್ಲ. ಇನ್ನು ಮೇಲೆ ‘ನೀವು’ ಎಂದು ಬರೆಯಲು ಕೈ ಬರುವುದಿಲ್ಲ, ಕ್ಷಮಿಸು.

ನಮ್ಮ ಕಸುಬಿನಲ್ಲಿ ಸೋಲು, ಗೆಲುವು, ಹಗೆ ಎಲ್ಲಾ ಮೊದಲೇ ಗೊತ್ತುಮಾಡಿಕೊಂಡ ಆಟ, ಆ ಒಳಗಿನದನ್ನು ಹೊರಗೆ ಆಡಬಾರದು. ಕೈಹಿಡಿದ ಹೆಂಡತಿಗೂ ಹೇಳದವರಿದ್ದರು, ನಿಮ್ಮಪ್ಪ ಅಂಥವನು. ಐವಿಯನ್ನು ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲ ಎಂದು ಇಬ್ಬರೂ ಕೈಯ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೆವು. ಇವತ್ತು ಆ ಮಾತು ಮುರಿಯುತ್ತಿದ್ದೇನೆ. ಅವನಿಗೆ ತಿಳಿದಿದ್ದರೆ ಬಯ್ಯುತ್ತಿದ್ದ, ಆಮೇಲೆ ಇದನ್ನೇ ಮಾಡುತ್ತಿದ್ದ.

ನಿಮ್ಮಪ್ಪ ಯಾರಿಗೂ ನೋವು ಮಾಡಬೇಕೆಂದು ಹಿಡಿಯುತ್ತಿಲ್ಲ. ಅವನು ಒಂದು ಪ್ರಶ್ನೆ ಕೇಳುತ್ತಿದ್ದಾನೆ.

ಪಟ್ಟು ಹಾಕಿ ಒಬ್ಬರ ಮೇಲೊಬ್ಬರು ಬಿದ್ದಿರುವಾಗ ಬಾಯಿಬಿಟ್ಟು ಮಾತಾಡುವ ಹಾಗಿಲ್ಲ, ಮುಂದಿನ ಸಾಲಿನವರಿಗೆ ಎಲ್ಲಾ ಕೇಳಿಸುತ್ತದೆ. ಆಗ ಎದುರಾಳಿಯ ಮಣಿಕಟ್ಟು ಅದುಮುತ್ತೇವೆ. ‘ಸರಿ ಇದ್ದೀಯಾ?’ ಅಂತ. ಅವನು ತಿರುಗಿ ಮೆಲ್ಲಗೆ ಎರಡು ಸಲ ಅದುಮಬೇಕು. ‘ಸರಿ ಇದ್ದೀನಿ, ಮುಂದಕ್ಕೆ ನಡಿ.’ ಉತ್ತರ ಬರುವ ತನಕ ಹಿಡಿತ ಬಿಡಬಾರದು. ಎದುರಿನವನಿಗೆ ನಿಜಕ್ಕೂ ಮೂಳೆ ಹೋಗಿರಬಹುದು, ಪ್ರಜ್ಞೆ ತಪ್ಪಿರಬಹುದು. ಈ ವಿಷಯದಲ್ಲಿ ವಾಲ್ಟರ್‌ನಷ್ಟು ಜೋಪಾನದ ಮನುಷ್ಯ ಇಡೀ ಲ್ಯಾಂಕಾಷೈರ್‌ನಲ್ಲಿ ಇರಲಿಲ್ಲ. ಯಾರೋ ಬಂದು ತನ್ನನ್ನು ತೋಳಲ್ಲಿ ಹಿಡಿದು ಎತ್ತುತ್ತಾರೆ, ಅವರು ಸರಿ ಇದ್ದಾರಾ ಎಂದು ಅವನು ಕೇಳುತ್ತಾನೆ. ಒಬ್ಬರೂ ಉತ್ತರ ಕೊಡುವುದಿಲ್ಲ, ಎಳೆದಾಡುತ್ತಾರೆ. ಅವನಿಗೆ ಗಾಬರಿ, ಬಿಡುವುದು ಹೇಗೆ? ಮಣಿಕಟ್ಟಿನ ಒಳಭಾಗದಲ್ಲಿ, ನಾಡಿ ನೋಡುವ ಕಡೆ, ಎರಡು ಸಲ ಅದುಮು. ಬಿಡದಿದ್ದರೆ ನನ್ನ ಹೆಸರು ಸಿರಿಲ್ ಅಲ್ಲ.

ಮಿಕ್ಕದ್ದನ್ನೂ ಹೇಳಿಬಿಡುತ್ತೇನೆ, ಇನ್ನು ಯಾಕೆ ಮುಚ್ಚುಮರೆ. ಭುಜ ಮುರಿದಿರಲಿಲ್ಲ. ಸೇಡಿನ ಪಂದ್ಯವೆಂದು ಒಂದು ತಿಂಗಳಾದ ಮೇಲೆ ಪೋಸ್ಟರು ಹಾಕಬೇಕಿತ್ತು, ಅದಕ್ಕೆ ಕೊರಳಿಗೆ ಬಟ್ಟೆಪಟ್ಟಿ ಕಟ್ಟಿ ತೋಳನ್ನು ತೂಗುಹಾಕಿಕೊಂಡು ತಿರುಗಿದ. ನೆರೆಯವರು ಕಿಟಕಿಯಿಂದ ನೋಡಿಬಿಟ್ಟಾರು ಎಂದು ಮನೆಯೊಳಗೂ ಬಿಚ್ಚಲಿಲ್ಲ. ನಿನ್ನ ಶೂವನ್ನು ಆ ರಾತ್ರಿಯೇ ವಾಪಸು ಹೋಗುವಾಗ ವ್ಯಾನಿನಲ್ಲಿ ಅವನ ಕೈಗೆ ಕೊಟ್ಟೆ. ಹೌದು, ಒಂದೇ ವ್ಯಾನು. ನಾವು ಹೋಗುತ್ತಿದ್ದದ್ದು ಬರುತ್ತಿದ್ದದ್ದು ಒಟ್ಟಿಗೇ, ಒಂದೇ ಫ್ಲಾಸ್ಕಿನ ಚಹಾ, ಒಂದೇ ಪೊಟ್ಟಣದ ಹಂದಿಮಾಂಸದ ಕಡುಬು. ಅವನು ಶೂ ಹಿಡಿದುಕೊಂಡು ಕೂತ. “ಇದನ್ನ ಮನೆಗೆ ಹೆಂಗೋ ತಗೊಂಡ್ಹೋಗ್ಲಿ? ಕಟುಕ ಹೊರಾಕ್ಸ್ ಕೊಟ್ಟ ಅನ್ಲಾ?” ಎಂದ. ಆಮೇಲೆ ನಿನಗೆ ಹೊಸ ಜೊತೆ ಕೊಡಿಸಿದನಂತೆ. ಹಳೆಯದು ವ್ಯಾನಿನ ಮುಂದಿನ ಕಿಟಕಿಯಲ್ಲಿ ನೇತಾಡುತ್ತಾ ನಮ್ಮ ಜೊತೆ ಊರೂರು ಸುತ್ತಿತು.

ಜನರ ಕಣ್ಣಿಗೆ ನಾವು ಹಾವು ಮುಂಗುಸಿ, ಒಟ್ಟಿಗೆ ಕಾಣಿಸುವಂತಿರಲಿಲ್ಲ. ಹಾಗಾಗಿ ಕುಸ್ತಿ ನಡೆಯುವ ಜಾಗಕ್ಕಿಂತ ಮೊದಲೇ, ಬೀದಿಯ ಮೂಲೆಯಲ್ಲಿ, ನನ್ನನ್ನು ಇಳಿಸಿಬಿಡುತ್ತಿದ್ದರು. ಅಲ್ಲಿಂದ ನಾನೊಬ್ಬನೇ ಜನರ ನಡುವೆ ನಡೆದು ಬರಬೇಕು. ಕೊಡೆ, ಟೋಪಿ ಪಿನ್ನು, ಉಗುಳು, ಎಲ್ಲಾ ಬೀಳುತ್ತಿತ್ತು. ಒಮ್ಮೆ ಒಬ್ಬ ಇಟ್ಟಿಗೆ ಎಸೆದ. ನಮ್ಮ ಬಟ್ಟೆ ಬದಲಿಸುವ ಕೋಣೆಗಳೂ ಬೇರೆ ಬೇರೆ. ವಾಲ್ಟರ್ ತನ್ನ ಕೋಣೆಯಲ್ಲಿ ನೆಟ್ಟಗೆ ಕೂತು ರೆಫರಿಯನ್ನು ಕೇಳುತ್ತಲೇ ಇರುತ್ತಿದ್ದನಂತೆ: “ಹೊರಾಕ್ಸ್ ಬಂದ್ನಾ?” ಬಂದ ಎಂದು ಕಿವಿಗೆ ಬಿದ್ದ ಮೇಲೆಯೇ ಶೂ ಕಟ್ಟಿಕೊಳ್ಳುತ್ತಿದ್ದ.

ಅದು ಹೆದರಿಕೆ ಅಲ್ಲ ಮಗಳೇ.

ಕಸುಬು ಬಿಟ್ಟ ಮೇಲೂ ಕೊಟ್ಟ ಮಾತು ಮುರಿಯಲಿಲ್ಲ. ಅವನ ಊರಲ್ಲಿ ನಾನು ಕಾಲಿಡುವಂತಿರಲಿಲ್ಲ, ಈ ಊರಿಗೆ ಅವನು ಬರುವಂತಿರಲಿಲ್ಲ. ನಿಮ್ಮ ಮನೆಯನ್ನು ನಾನು ನೋಡಿಲ್ಲ, ಆದರೆ ಅಡುಗೆಮನೆಯ ಪರದೆ ಹಳದಿ ಎಂದು ಗೊತ್ತು. ನಿನಗೆ ದಡಾರ ಬಂದದ್ದು ಗೊತ್ತು. ನಿಮ್ಮಮ್ಮ ಹೋದಾಗ ಸ್ಮಶಾನದ ಗೋಡೆಯಾಚೆ ನಿಂತಿದ್ದು ವಾಪಸು ಬಂದೆ. ನಾನು ಬರುವುದಿಲ್ಲ ಎಂದು ಬರೆದುಕೊಡಿ ಅಂತ ನೀನು ಮೊದಲ ಪತ್ರದಲ್ಲಿ ಕೇಳಿದ್ದೆ. ಏನು ಬೇಕಾದರೂ ಬರೆದೇನು, ಅದೊಂದನ್ನು ಬರೆಯಲು ಆಗಲಿಲ್ಲ.

ಸಿರಿಲ್

*

ಓಲ್ಡಮ್
27 ಡಿಸೆಂಬರ್ 1988

ಸಿರಿಲ್ ಮಾಮ,

ಹೀಗೆ ಕರೆಯಬಹುದಲ್ಲವೇ? ನಮ್ಮ ಮನೆ ಪರದೆಯ ಬಣ್ಣ ಗೊತ್ತಿರುವವರನ್ನು ಬೇರೆ ಹೇಗೆ ಕರೆಯುವುದೋ ತಿಳಿಯುತ್ತಿಲ್ಲ.

ಮೊದಲು ಜಗಳ ಮುಗಿಸುತ್ತೇನೆ. ಒಂದು ತಿಂಗಳು ಆ ಮನುಷ್ಯನ ಅಂಗಿಯ ಗುಂಡಿ ಹಾಕಿದ್ದು ನಾನು! ಮಾಂಸ ತುಂಡು ಮಾಡಿ ಕೊಟ್ಟಿದ್ದು ಅಮ್ಮ. ರಾತ್ರಿ ದೇವರಿಗೆ ಕೈಮುಗಿದು ಅಪ್ಪನ ತೋಳು ಕೂಡಿಸಪ್ಪಾ ಎಂದು ಬೇಡಿಕೊಂಡಿದ್ದೆ. ಕೂಡಿಸಿದನಲ್ಲ ಎಂದು ಇವತ್ತಿನವರೆಗೂ ಅವನ ಮೇಲೆ ನಂಬಿಕೆ ಇಟ್ಟಿದ್ದೆ. ನಿಮ್ಮ ಪತ್ರ ಓದಿ ಒಂದು ಬಾಣಲೆಯನ್ನು ನೆಲಕ್ಕೆ ಎತ್ತಿಹಾಕಿದೆ. ಆಮೇಲೆ ನಗು ಬಂತು, ತಡೆಯಲಾಗಲಿಲ್ಲ.

ಕ್ರಿಸ್ಮಸ್ ಮಾರನೆಯ ದಿನ ಹೋದೆ. ಸ್ನಾನದ ಹೊತ್ತು. ಎತ್ತುವುದು ನಾನೇ ಎಂದೆ. ಮೇಟ್ರನ್ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು, ನಂಬಿಕೆ ಇರಲಿಲ್ಲ. ಅಪ್ಪನ ಕಂಕುಳಿಗೆ ತೋಳು ಹಾಕಿದೆ. ಹಿಡಿದರು. ಮಾಮ, ಆ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಅದರಲ್ಲಿ ಸಿಟ್ಟಿರಲಿಲ್ಲ, ಪೂರ್ತಿ ಆತಂಕ. ನಾಡಿ ನೋಡುವ ಕಡೆ ಎರಡು ಸಲ ಅದುಮಿದೆ.

ಬಿಟ್ಟರು. ಅಷ್ಟೇ. ಇಡೀ ಮೈ ಸಡಿಲವಾಗಿ ನನ್ನ ಹೆಗಲ ಮೇಲೆ ಒರಗಿದರು. “ಸರಿ, ಹಂಗಾದ್ರೆ ನಡಿ ಮುಂದಕ್ಕೆ” ಎಂದರು. ನಾವಿಬ್ಬರೂ ಕೂಡಲೇ ನಡೆಯಲಿಲ್ಲ. ನಾನು ಅಳುತ್ತಿದ್ದೆ, ಅವರು ನನ್ನ ಬೆನ್ನು ತಟ್ಟುತ್ತಿದ್ದರು, ಯಾರೆಂದು ಗೊತ್ತಿಲ್ಲದೆಯೇ.

ಸಂಜೆಯೊಳಗೆ ಮೇಟ್ರನ್ ಎಲ್ಲಾ ಸಹಾಯಕಿಯರಿಗೂ ಕಲಿಸಿದರು. ಯಾಕೆ ಎಂದು ಮಾತ್ರ ಹೇಳಿಲ್ಲ, “ಹೀಗೆ ಮಾಡಿ, ಕಾರಣ ಕೇಳಬೇಡಿ” ಎಂದರು. ನಿಮ್ಮ ಕಸುಬಿಗೆ ಹೇಳಿ ಮಾಡಿಸಿದ ಹೆಂಗಸು. ಒಂಬತ್ತನೆಯ ತಾರೀಖಿನ ಸಾಗಾಟವನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ, ನೋಡೋಣ ಎಂದಿದ್ದಾರೆ.

ಶನಿವಾರ ಬನ್ನಿ. ಅವರು ಕೇಳುತ್ತಲೇ ಇದ್ದಾರೆ.

ಡೋರೀನ್

*

ಮೋರ್ಕಮ್
2 ಜನವರಿ 1989

ಡೋರೀನ್,

ಮಾಮ ಎಂದದ್ದನ್ನು ಐವಿಗೆ ಎರಡು ಸಲ ಓದಿ ಹೇಳಿದೆ.

ಏಳನೆಯ ತಾರೀಖು ಬರುತ್ತೇನೆ. ಆದರೆ ಧೈರ್ಯ ಸಾಲುತ್ತಿಲ್ಲ. ಒಳ್ಳೆಯವರು ಇರುವ ಕಡೆಗೆ ಮುಂಬಾಗಿಲಿಂದ ನಾನು ಹೋದವನೇ ಅಲ್ಲ. ಕೈಯಲ್ಲಿ ಏನು ಹಿಡಿದುಕೊಂಡು ಹೋಗಲಿ? ಹೂವು ಹಿಡಿದರೆ ಚೆನ್ನಾಗಿರುವುದಿಲ್ಲ. ಅವನು ಗುರುತು ಹಿಡಿಯದಿದ್ದರೆ? ಮೂಲೆಯ ತನಕ ಬಂದು ವಾಪಸು ಹೋದರೆ ಬೇಸರ ಮಾಡಿಕೊಳ್ಳಬೇಡ.

ಸಿರಿಲ್

*

ಮೋರ್ಕಮ್
8 ಜನವರಿ 1989

ಡೋರೀನ್ ಮಗಳೇ,

ನೀನು ಜ್ವರದಲ್ಲಿ ಮಲಗಿದ್ದೀಯೆಂದು ಮೇಟ್ರನ್ ಹೇಳಿದರು. ನೀನು ನೋಡಬೇಕಿತ್ತು, ನೋಡಲಾಗಲಿಲ್ಲವಲ್ಲ, ಅದಕ್ಕೇ ನಿನ್ನೆಯದನ್ನು ಇವತ್ತೇ ಬರೆಯುತ್ತಿದ್ದೇನೆ.

ಟ್ಯಾಕ್ಸಿಯವನಿಗೆ ಮೂಲೆಯಲ್ಲೇ ನಿಲ್ಲಿಸು ಎಂದೆ. ಅಲ್ಲಿಂದ ನಡೆದೆ. ಸದ್ದಿಲ್ಲದೆ ಹೋಗಿ ಅವನ ಪಕ್ಕ ಕೂತುಬಿಡೋಣ ಎಂದಿದ್ದೆ. ಹಾಲಿನೊಳಗೆ ಎರಡು ಹೆಜ್ಜೆ ಇಟ್ಟಿರಲಿಲ್ಲ, ಊರುಗೋಲಿನ ಆ ಬಟರ್‌ವರ್ತ್ ಅಜ್ಜಿ ಎದ್ದು ನಿಂತು, “ಅಯ್ಯೋ, ಹೊರಾಕ್ಸ್! ಬಂದ ನೋಡ್ರೇ ಮನೆಹಾಳ!” ಎಂದು ಕಿರುಚಿ ಮೊಣಕಾಲಿಗೆ ಕೋಲಿಂದ ಬಾರಿಸಿತು. ನಾನು ಕ್ಷಮಿಸಿ ಅಮ್ಮಾ ಎನ್ನಬೇಕಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಮುಷ್ಟಿ ಎತ್ತಿ, ಹಲ್ಲು ಕಿರಿದು, “ಕೂತ್ಕೊಳೇ ಮುದುಕಿ, ನಿನ್ನ ಸರದಿ ಆಮೇಲೆ!” ಎಂದು ಗುಡುಗಿಬಿಟ್ಟೆ. ಇಡೀ ಹಾಲು ಹಳೆಯ ದಿನಗಳ ಹಾಗೆ ‘ಬೂ’ ಎಂದು ಛೀಮಾರಿ ಹಾಕಿತು. ಗಾಲಿಕುರ್ಚಿಯವರೂ ‘ಬೂ’ ಎಂದರು. ಯಾರೋ ಒಂದು ಬಿಸ್ಕತ್ತು ಎಸೆದರು. ಎಷ್ಟು ವರ್ಷವಾಗಿತ್ತು ಮಗಳೇ ಅದನ್ನು ಕೇಳಿ! ನನ್ನ ಕಣ್ಣು ತುಂಬಿ ಬಂತು.

ಆ ಗದ್ದಲಕ್ಕೆ ವಾಲ್ಟರ್ ತಿರುಗಿ ನೋಡಿದ. ಬಹಳ ಹೊತ್ತು ನೋಡಿದ. ನಾನು ಹೋಗಿ ಅವನ ಮುಂದೆ ಬಗ್ಗಿದೆ. ಕೈಚಾಚಿ ನನ್ನ ಮಣಿಕಟ್ಟು ಹಿಡಿದ, ಅದುಮಿದ. ನಾನು ತಿರುಗಿ ಅದುಮಿದೆ.

“ಬಂದ್ಯಾ” ಎಂದ. “ತಡ ಮಾಡ್ದೆ. ಹೊರಗೆ ಜನ ಜಾಸ್ತಿ ಇದ್ರಾ?”

“ಜಾಸ್ತಿ ಇದ್ರು ಕಣೋ. ಆದ್ರೂ ಬಂದೆ.”

“ಏಟು ಬಿತ್ತಾ?”

“ಒಂದು ಬಿತ್ತು. ಮೊಣಕಾಲಿಗೆ.”

ಅದಕ್ಕೆ ನಕ್ಕ. ಚಹಾ ಕುಡಿದೆವು, ಒಂದೇ ಮೇಜಿನಲ್ಲಿ, ಎಲ್ಲರ ಕಣ್ಣೆದುರಿಗೇ. ಅವನಿಗೆ ಸ್ವಲ್ಪ ಭಯವಾಯಿತು, “ಯಾರಾದ್ರೂ ನೋಡಿದ್ರೆ?” ಎಂದು ಕೇಳಿದ. ನೋಡಲಿ ಬಿಡು ಎಂದೆ. ಆಮೇಲೆ ತಲೆ ಹತ್ತಿರ ತಂದು ಪಿಸುಮಾತಿನಲ್ಲಿ ಒಂದು ಮಾತು ಹೇಳಿದ. ಅದನ್ನು ಅವನು ಹೇಳಿದ ಹಾಗೇ ಬರೆಯುತ್ತೇನೆ:

“ಇಲ್ಲಿ ಕೆಂಪು ಕೋಟಿನವಳೊಬ್ಳು ಬರ್ತಾಳೆ ಕಣೋ. ಸಿಸ್ಟರ್ ಅಂತ ಎಲ್ರೂ ತಿಳ್ಕೊಂಡಿದ್ದಾರೆ. ಅವಳಿಗೆ ಕೈ ಅದುಮೋದು ಗೊತ್ತು. ಯಾರಿಗೂ ಹೇಳ್ಬೇಡ, ಅವಳು ನಮ್ಮವಳು.”

ಸಿರಿಲ್ ಮಾಮ

*

ಓಲ್ಡಮ್
11 ಜನವರಿ 1989

ಸಿರಿಲ್ ಮಾಮ,

ಜ್ವರ ಬಿಟ್ಟಿದೆ. ನಿಮ್ಮ ಪತ್ರದ ಕೊನೆಯ ಸಾಲನ್ನು ಓದಿ ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟೆ. ಅಪ್ಪ ಒಂದಲ್ಲ ಒಂದು ದಿನ ಹೆಸರು ಹಿಡಿದು ಕರೆದಾರು ಎಂದು ಇಷ್ಟು ತಿಂಗಳು ಕಾದಿದ್ದೆ. ಇನ್ನು ಕಾಯುವುದಿಲ್ಲ. ನನಗೆ ಇದು ಸಾಕು ಮಾಮ.

ಅಪ್ಪನನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು ಮೇಟ್ರನ್ ಇವತ್ತು ಹೇಳಿದರು. ಬಟರ್‌ವರ್ತ್ ಅಜ್ಜಿ ಕೋಲಿಗೆ ಹೊಸ ರಬ್ಬರು ಹಾಕಿಸಿಕೊಂಡು ಶನಿವಾರಕ್ಕೆ ಕಾಯುತ್ತಿದ್ದಾರಂತೆ, ಮೊಣಕಾಲು ಜೋಪಾನ.

ಈ ಶನಿವಾರ ಸ್ಟೇಷನ್ನಿಗೆ ನಾನೇ ಕಾರು ತರುತ್ತೇನೆ. ಫ್ಲಾಸ್ಕಿನಲ್ಲಿ ಚಹಾ, ಪೊಟ್ಟಣದಲ್ಲಿ ಕಡುಬು ಇರುತ್ತದೆ. ಆದರೆ ಆಶ್ರಮದ ಬಾಗಿಲಿಗೆ ಕರೆದೊಯ್ಯುವುದಿಲ್ಲ, ಮೂಲೆಯಲ್ಲೇ ಇಳಿಸುತ್ತೇನೆ. ಅಲ್ಲಿಂದ ನೀವು ಒಬ್ಬರೇ ನಡೆದು ಬರಬೇಕು. ನಾನು ಮೊದಲೇ ಒಳಗೆ ಹೋಗಿ ಅಪ್ಪನ ಪಕ್ಕ ಕೂತಿರುತ್ತೇನೆ. ಹೊರಾಕ್ಸ್ ಬಂದ್ನಾ ಎಂದು ಅವರು ಕೇಳಿದಾಗ, ಬಂದ ಅಂತ ಹೇಳಲು ಒಳಗೆ ನಮ್ಮವರು ಒಬ್ಬರು ಇರಬೇಕಲ್ಲ.

ಡೋರೀನ್